ಮೊದಲ ರಿಂಗಿಗೇ ಎತ್ತಿದ ಪೆಟ್ಟಿಗೆ

ಮೊನ್ನೆ ಗೋಪಾಳ ಬಡಾವಣೆಯ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಹಾಕುವವನು ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ, ಗೋಡೆಗೊಂದು ತೂತು ಕೊರೆದ, ಬಿಳಿಯ ಡಬ್ಬಿಯೊಂದನ್ನು ಸಿಕ್ಕಿಸಿದ, ತನ್ನ ಮೊಬೈಲಿನ ಮೇಲೆ ನಾಲ್ಕು ಸಲ ಬೆರಳಾಡಿಸಿ "ಆಯ್ತು ಸಾರ್" ಎಂದ. ಅವನಿಗೆ ಟೀ ಮಾಡಿಸುವುದೋ ಮಜ್ಜಿಗೆ ಕೊಡುವುದೋ ಎಂದು ನಾನಿನ್ನೂ ಯೋಚಿಸುತ್ತಿದ್ದೆ.

"ಏನಾಯ್ತು?" ಎಂದೆ.

"ಕನೆಕ್ಟ್ ಆಯ್ತು ಸಾರ್."

"ಅಷ್ಟೇನಾ?"

"ಅಷ್ಟೇ ಸಾರ್. ಪಾಸ್‌ವರ್ಡ್ ಡಬ್ಬಿ ಹಿಂದೆ ಬರ್ದಿದೆ ನೋಡಿ."

ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಸಂತೋಷವಾಗುವ ಬದಲು ಸ್ವಲ್ಪ ಅವಮಾನವೇ ಆಯಿತು. ಒಂದು ಕಂಪ್ಯೂಟರನ್ನು ಹೊರಗಿನ ಪ್ರಪಂಚದ ಜೊತೆ ಮಾತಾಡಿಸುವ ಇದೇ ಕೆಲಸಕ್ಕೆ ನಾನು ಒಂದು ಕಾಲದಲ್ಲಿ ಮೂರು ತಿಂಗಳು ಹಿಡಿದಿದ್ದೆ. ಮೂರು ತಿಂಗಳು ಊಟ ನಿದ್ದೆ ಬಿಟ್ಟಿದ್ದೆ ಎಂದು ಹೇಳಿಕೊಳ್ಳಲು ಆಸೆ, ಆದರೆ ಊಟ ಬಿಟ್ಟಿರಲಿಲ್ಲ. ಆ ಹೊಟ್ಟೆಕಿಚ್ಚಿಗೇ ಇರಬೇಕು, ಅವನು ಹೋದ ಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಹಳೆಯ ಮಿಕ್ಸಿ, ಮುರಿದ ಟೇಬಲ್ ಫ್ಯಾನುಗಳ ಹಿಂದೆ ಪೇಪರಿನಲ್ಲಿ ಸುತ್ತಿಟ್ಟ ಒಂದು ಕಪ್ಪು ಪೆಟ್ಟಿಗೆ ಕೈಗೆ ಸಿಕ್ಕಿತು. ಇಟ್ಟಿಗೆಯಷ್ಟು ದೊಡ್ಡದು, ಮುಂದೆ ಸಾಲಾಗಿ ಪುಟ್ಟ ದೀಪಗಳು, ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಎಂಟು ಸ್ವಿಚ್ಚುಗಳು. ನನ್ನ ಮೋಡೆಮ್.

ಈಗಿನವರಿಗೆ ಮೋಡೆಮ್ ಎಂದರೆ ಏನೆಂದು ಹೇಳಬೇಕಾಗುತ್ತದೆ. ಆಗ ಇಂಟರ್ನೆಟ್ ಬರುತ್ತಿದ್ದದ್ದು ಮಾಮೂಲಿ ಟೆಲಿಫೋನ್ ತಂತಿಯಲ್ಲೇ. ಕಂಪ್ಯೂಟರಿಗೆ ಫೋನಿನಲ್ಲಿ ಮಾತಾಡಲು ಬರುವುದಿಲ್ಲವಲ್ಲ, ಅದರ ಪರವಾಗಿ ನಂಬರು ತಿರುಗಿಸಿ, ಆ ಕಡೆಯ ಮೋಡೆಮ್ ಎತ್ತಿಕೊಂಡಾಗ ಕುಂಯ್ ಖರ್ರ್ ಎಂದು ಕಿರುಚಿ ಪರಿಚಯ ಹೇಳಿಕೊಳ್ಳುವುದೇ ಈ ಪೆಟ್ಟಿಗೆಯ ಕೆಲಸ. ಕಿರುಚುವುದರಲ್ಲಿ ನನ್ನದು ಊರಿಗೇ ಮೊದಲು.

ಈ ಪೆಟ್ಟಿಗೆಯನ್ನು ನಾನು ಇಷ್ಟು ವರ್ಷ ಅಟ್ಟದ ಮೇಲೆ ಬಚ್ಚಿಟ್ಟದ್ದು ಪ್ರೀತಿಯಿಂದಲ್ಲ. ಇದರಿಂದಾಗಿ ನನ್ನ ಅಕ್ಕನ, ನಾವು ಕರೆಯುವಂತೆ ಆಪಾಳ, ಗೊತ್ತಾಗಿದ್ದ ಮದುವೆ ತಪ್ಪಿಹೋಯಿತು. ಅದು ಇದರಿಂದಲೇ ತಪ್ಪಿದ್ದು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಇಪ್ಪತ್ತೈದು ವರ್ಷ ನಾನು ಬಾಯಿ ಬಿಟ್ಟಿರಲಿಲ್ಲ. ಆಪಾ ಆಮೇಲೆ ಮದುವೆಯಾಗಲೇ ಇಲ್ಲ. ಏಣಿಯ ಮೇಲೆ ನಿಂತು ಧೂಳು ಒರೆಸುತ್ತಿದ್ದಾಗ, ಇನ್ನು ಸಾಕು, ಹೋಗಿ ಹೇಳಿಬಿಡೋಣ ಎನ್ನಿಸಿತು.

ಹೇಳುವ ಮೊದಲು ಇದು ನಮ್ಮ ಮನೆಗೆ ಬಂದ ಕಥೆ ಹೇಳಬೇಕು. ನಮ್ಮ ಅಬ್ಬಾನದು ಗುಜರಿ ವ್ಯಾಪಾರ. ಕೋಟೆ ಕಡೆಯ ಒಂದು ಓಣಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಬ್ಬಾನ ಕಣ್ಣಿಗೆ ಪ್ರಪಂಚದಲ್ಲಿ ಇದ್ದದ್ದು ನಾಲ್ಕೇ ಪದಾರ್ಥ: ಕಬ್ಬಿಣ, ಹಿತ್ತಾಳೆ, ತಾಮ್ರ ಮತ್ತು ರದ್ದಿ. ಭದ್ರಾವತಿಯ ಒಂದು ಕಾರ್ಖಾನೆಯವರು ಆಫೀಸಿನ ಹಳೆಯ ಸಾಮಾನು ಹರಾಜು ಹಾಕಿದಾಗ ಅಬ್ಬಾ ಒಂದು ಲಾಟು ಹಿಡಿದರು. ಲಾರಿಯಿಂದ ಇಳಿದದ್ದು ಆರು ಕಬ್ಬಿಣದ ಬೀರು, ಒಂದಿಷ್ಟು ಫ್ಯಾನು, ಒಂದು ದೊಡ್ಡ ಕಂಪ್ಯೂಟರು, ಈ ಮೋಡೆಮ್, ಜೊತೆಗೆ ಐದು ದಪ್ಪ ಇಂಗ್ಲಿಷ್ ಪುಸ್ತಕ. ಪುಸ್ತಕಗಳನ್ನು ಅಬ್ಬಾ ಆಗಲೇ ರದ್ದಿಯ ತಕ್ಕಡಿಗೆ ಹಾಕಿದ್ದರು.

ನಾನು ಆಗಷ್ಟೇ ಕಂಪ್ಯೂಟರ್ ರಿಪೇರಿಯ ಕೋರ್ಸು ಮುಗಿಸಿ, ಎಲ್ಲಾ ಬಲ್ಲೆನೆಂಬ ಭ್ರಮೆಯಲ್ಲಿದ್ದೆ. "ಅಬ್ಬಾ, ಇದನ್ನ ಒಡೀಬೇಡಿ. ಇದು ಯೂನಿಕ್ಸ್ ಮಷೀನು. ಇದರಲ್ಲಿ ಇಂಟರ್ನೆಟ್ ತರ್ತೀನಿ" ಎಂದು ಅಡ್ಡ ನಿಂತೆ.

"ಒಳಗೆ ತಾಮ್ರ ಎಷ್ಟಿದೆ?" ಎಂದರು ಅಬ್ಬಾ.

"ಜಾಸ್ತಿ ಇರಲ್ಲ."

"ಒಂದು ತಿಂಗಳು ಟೈಮು. ಮಾತಾಡಿಸಿದ್ರೆ ನಿಂದು. ಇಲ್ದಿದ್ರೆ ಇದ್ದಷ್ಟು ತಾಮ್ರ ನಂದು."

ಆ ಒಂದು ತಿಂಗಳನ್ನು ಮೂರು ತಿಂಗಳು ಮಾಡಿಸಿಕೊಟ್ಟವಳು, ತಕ್ಕಡಿಯಿಂದ ಪುಸ್ತಕಗಳನ್ನು ಎತ್ತಿಕೊಂಡವಳು ಆಪಾ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮಿ ತೀರಿಕೊಂಡಾಗ ನನಗೆ ಏಳು ವರ್ಷ, ಆಮೇಲೆ ನನ್ನ ತಲೆ ಬಾಚಿದವಳು, ಕಿವಿ ಹಿಂಡಿದವಳು ಅವಳೇ. ಎಷ್ಟೋ ವರ್ಷ ಅರ್ಜಿ ಹಾಕಿ ಹಾಕಿ ಭದ್ರಾವತಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಡಂ ಆಗಿ ಎರಡು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ವಾಪಸು ಬರುತ್ತಿದ್ದಳು. ಬಂದವಳು ಕೈಕಾಲು ತೊಳೆದು, ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ನನಗೆ ಪುಸ್ತಕ ಓದಿ ಹೇಳುತ್ತಿದ್ದಳು. ಯಾಕೆಂದರೆ ನನ್ನ ಇಂಗ್ಲಿಷು ಬೋರ್ಡು ಓದುವಷ್ಟರದು. ಮನೆಯಲ್ಲಿ ನಾವು ಜಗಳವಾಡುತ್ತಿದ್ದದ್ದು ದಖನಿ ಉರ್ದುವಿನಲ್ಲಿ, ಪಾಠ ಮಾತ್ರ ಕನ್ನಡದಲ್ಲಿ. ಅವಳು ಓದಿ ಹೇಳಿ ಬಿಡುತ್ತಿರಲಿಲ್ಲ, ಹೇಳಿದ ಮೇಲೆ ಪ್ರಶ್ನೆ ಕೇಳುವ ಚಟವೂ ಇತ್ತು.

ಯೂನಿಕ್ಸ್ ಎಂದರೆ ಕಪ್ಪು ಪರದೆ. ಚಿತ್ರವಿಲ್ಲ, ಮೌಸಿಲ್ಲ. ನೀವು ಒಂದು ಸಾಲು ಬರೆದರೆ ಅದು ಒಂದು ಸಾಲು ಉತ್ತರ ಕೊಡುತ್ತದೆ. ನೀವು ಮಾಡಿದ್ದು ಸರಿಯಿದ್ದರೆ ಏನೂ ಹೇಳುವುದಿಲ್ಲ, ತಪ್ಪಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಇಂಥ ಮನುಷ್ಯರನ್ನು ನಾನು ನೋಡಿದ್ದೆ, ನಮ್ಮ ಅಬ್ಬಾ ಹಾಗೇ. ಆದ್ದರಿಂದ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ.

ಮೋಡೆಮ್ ಬಳಸಬೇಕಾದರೆ ಮೊದಲು ಅದು ಯಾವ ಕಿಂಡಿಗೆ ಸಿಕ್ಕಿಕೊಂಡಿದೆ ಎಂದು ಯೂನಿಕ್ಸಿಗೆ ಹೇಳಬೇಕು. ಹೇಳಿದರೆ "ಡಿವೈಸ್ ಬಿಸಿ" ಎನ್ನುತ್ತಿತ್ತು, ಅಂದರೆ ಬೇರೆ ಯಾರೋ ಬಳಸುತ್ತಿದ್ದಾರೆ. ಅಂಗಡಿಯಲ್ಲಿ ನಾನಲ್ಲದೆ ಇನ್ಯಾರಿಲ್ಲ. ನಾಲ್ಕು ದಿನ ಹೀಗೇ ಗೋಳು ಹೊಯ್ದುಕೊಂಡಿತು. ಕೊನೆಗೆ ಆಪಾ ಪುಸ್ತಕದಲ್ಲಿ ಕಂಡುಹಿಡಿದಳು. ಒಬ್ಬರು ಮೋಡೆಮ್ ಬಳಸುವಾಗ ಯೂನಿಕ್ಸು ಒಂದು ಚೀಟಿ ಬರೆದಿಡುತ್ತದೆ, ಕೆಲಸ ಮುಗಿದ ಮೇಲೆ ಅಳಿಸುತ್ತದೆ. ನಡುವೆ ಕರೆಂಟು ಹೋದರೆ ಚೀಟಿ ಹಾಗೇ ಉಳಿಯುತ್ತದೆ. ಆಪಾಳಿಗೆ ಇದು ಥಟ್ಟನೆ ಅರ್ಥವಾಯಿತು. "ಭದ್ರಾವತಿ ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಹಂಗೇ. ಮನುಷ್ಯ ಬಸ್ಸೇ ಹತ್ತಿಲ್ಲ, ಟವೆಲ್ ಮಾತ್ರ ಕೂತಿದೆ. ಎತ್ತಿ ಬಿಸಾಕು" ಎಂದಳು. ಎತ್ತಿ ಬಿಸಾಕಿದೆ. ಮೋಡೆಮ್ ಮೊದಲ ಸಲ ಉಸಿರಾಡಿತು. ಅಂದಿನಿಂದ ನಾನು ಬಸ್ಸಿನಲ್ಲಿ ಟವೆಲ್ ಕಂಡರೆ ಹೆದರುವುದನ್ನು ಬಿಟ್ಟಿದ್ದೇನೆ.

ಆಮೇಲೆ ಬರೆಯಬೇಕಾದದ್ದು ಸಂಭಾಷಣೆ. ಹೌದು, ನಾಟಕದವರು ಬರೆದಂತೆ. ಆ ಕಡೆಯ ಯಂತ್ರ ಹೆಸರು ಕೇಳಿದರೆ ಹೆಸರು ಹೇಳು, ಪಾಸ್‌ವರ್ಡ್ ಕೇಳಿದರೆ ಅದನ್ನು ಹೇಳು, ಬೇರೇನಾದರೂ ಅಂದರೆ ಫೋನ್ ಇಟ್ಟುಬಿಡು, ಹೀಗೆ ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಡಬೇಕು. ಅದರಲ್ಲಿ ಒಂದು ತಮಾಷೆಯಿತ್ತು. ಆ ಕಡೆಯಿಂದ "ಲಾಗಿನ್" ಎಂಬ ಪದ ಬರುವುದನ್ನು ಕಾಯಬೇಕು, ಆದರೆ ಪೂರ್ತಿ ಪದ ಕಾಯಬಾರದು, ಮೊದಲ ಅಕ್ಷರ ಬಿಟ್ಟು ಉಳಿದದ್ದನ್ನು ಮಾತ್ರ ಕಾಯಬೇಕು. ಮೊದಲ ಅಕ್ಷರ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿರಬಹುದು ಎಂದು. ಆಪಾ ಅದನ್ನು ಓದಿ ಬಹಳ ಹೊತ್ತು ನಕ್ಕಳು. ನಕ್ಕು, "ನಂದೂ ಇಂಥದ್ದೇ ಒಂದು ಬರ್ದಿಟ್ಟಿದೆ ನೋಡೋ. ಅಡುಗೆ ಬರುತ್ತಾ ಅಂದ್ರೆ ಬರುತ್ತೆ ಅನ್ನು. ಕುರಾನ್ ಓದ್ತೀಯಾ ಅಂದ್ರೆ ಓದ್ತೀನಿ ಅನ್ನು. ಬೇರೇನಾದ್ರೂ ಕೇಳಿದ್ರೆ ತಲೆ ತಗ್ಗಿಸು" ಎಂದಳು.

ಅವಳಿಗೆ ಆಗ ಗಂಡು ನೋಡುತ್ತಿದ್ದರು. ನೋಡುತ್ತಲೇ ಎಷ್ಟೋ ವರ್ಷವಾಗಿತ್ತು. ಮೊದಲು ಅಮ್ಮಿ ಇಲ್ಲದ ಮನೆ, ಆಮೇಲೆ ಚಿಕ್ಕ ತಮ್ಮ, ಆಮೇಲೆ ಓದು, ಹೀಗೆ ಮೂವತ್ನಾಲ್ಕು ದಾಟಿತ್ತು. ಬಂದ ಹೆಂಗಸರು ಬಿಸ್ಕತ್ತು ತಿಂದು, ಚಾ ಕುಡಿದು, ಹೇಳಿ ಕಳಿಸ್ತೀವಿ ಎಂದು ಹೋಗುತ್ತಿದ್ದರು.

ಆ ಪುಸ್ತಕದ ಇನ್ನೊಂದು ಪುಟವನ್ನು ಮಾತ್ರ ನಾನು ಕೇಳಿಸಿಕೊಳ್ಳಲಿಲ್ಲ. ಆಪಾ ಓದಿದ್ದಳು: "ಕೊನೇಲಿ ಎಸ್ ಸೊನ್ನೆ ಈಕ್ವಲ್ ಟು ಸೊನ್ನೆ ಅಂತ ಹಾಕ್ಬೇಕಂತೆ. ಹಾಕ್ದಿದ್ರೆ ಹಿಂದಿನ ಸ್ವಿಚ್ಚು ಹೇಳಿದಂಗೆ ಅದು ಕೇಳುತ್ತಂತೆ. ಐದನೇ ಸ್ವಿಚ್ಚು ಮೇಲಿದ್ರೆ, ಹೊರಗಿಂದ ಬಂದ ಫೋನನ್ನ ತಾನೇ ಎತ್ತುತ್ತಂತೆ. ಆಗ ಮುಂದೆ ಎಎ ಅನ್ನೋ ದೀಪ ಹತ್ತುತ್ತೆ."

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ? ಏನೂ ಇಲ್ಲದ್ದನ್ನ ಯಾಕೆ ಬರೀಬೇಕು? ಸ್ವಿಚ್ಚು ಕೆಳಗೇ ಇದೆ, ಬಿಡು" ಎಂದೆ. ಆಪಾ ಬಿಡಲಿಲ್ಲ, ಹಾಕು ಎಂದು ಎರಡು ಸಲ ಹೇಳಿದಳು. ನಾನು ಹಾಕಲಿಲ್ಲ. ಅಷ್ಟು ಹೊತ್ತಿಗೆ ನನಗೆ ನಾನು ಆಪಾಗಿಂತ ಹೆಚ್ಚು ಕಲಿತುಬಿಟ್ಟಿದ್ದೇನೆ ಎನ್ನಿಸಿತ್ತು.

ಕೊನೆಗೊಂದು ಸಂಜೆ ನನ್ನ ಮೋಡೆಮ್ ನಂಬರು ತಿರುಗಿಸಿತು, ಕಿರುಚಿತು, ಆ ಕಡೆಯದೂ ಕಿರುಚಿತು, ಇದ್ದಕ್ಕಿದ್ದಂತೆ ಎರಡೂ ಸುಮ್ಮನಾದವು. ಪರದೆಯ ಮೇಲೆ "ಕನೆಕ್ಟ್" ಎಂದು ಬಂತು. ನಾನು ಆಪಾಳ ಕೈ ಹಿಡಿದು ಕುಣಿದೆ. ಪಕ್ಕದ ಲೇತ್ ಅಂಗಡಿಯ ನಾಗರಾಜಣ್ಣ ಸದ್ದು ಕೇಳಿ ಓಡಿಬಂದು, "ಯಾರಿಗೇನಾಯ್ತು ಮಾರಾಯ?" ಎಂದ. ಅಬ್ಬಾ ಮಾತ್ರ ತಕ್ಕಡಿಯಿಂದ ಕಣ್ಣು ತೆಗೆಯದೆ, "ಜಗಳ ಆಡಿ ರಾಜಿ ಆದಂಗಿದೆ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಹೊಗಳಿಕೆ. ತಾಮ್ರ ಉಳಿಯಿತು.

ಆ ವರ್ಷವೇ ಭದ್ರಾವತಿಯಿಂದ ಆಪಾಳಿಗೊಂದು ಸಂಬಂಧ ಬಂತು. ಹುಡುಗನಿಗೆ ಟಯರ್ ಅಂಗಡಿ, ಒಳ್ಳೆಯ ಮನೆತನ. ತಂದೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬಹಳ ಮರ್ಯಾದಸ್ಥರು. ಸಂಬಂಧ ಕುದುರಿಸಿದ ಗೌಸ್ ಚಾಚಾ ಒಂದೇ ಒಂದು ಷರತ್ತು ತಂದಿದ್ದರು. ಅವರ ಮನೆಯಲ್ಲಿ ಹೆಂಗಸರು ಕೆಲಸಕ್ಕೆ ಹೋಗುವ ರಿವಾಜಿಲ್ಲ, ನಿಕಾಹ್ ಆದ ಮೇಲೆ ನೌಕರಿ ಬಿಡಬೇಕು. ಅಬ್ಬಾ ಆಪಾಳನ್ನು ಕೇಳಿದರು. ಆಪಾ "ನೀವು ಹೇಳಿದಂಗೆ ಅಬ್ಬಾ" ಎಂದಳು. ಅಬ್ಬಾ ಎಷ್ಟು ಖುಷಿಯಾದರೆಂದರೆ ಅಂದು ಒಬ್ಬ ಗಿರಾಕಿಯ ಹಿತ್ತಾಳೆ ಹಂಡೆಯನ್ನು ಎರಡು ಸಲ ತೂಗಿದರು. ಇನ್ನು ಉಳಿದದ್ದು ತಾರೀಖು ಗೊತ್ತು ಮಾಡುವುದು. ಶುಕ್ರವಾರ ಜುಮ್ಮಾ ನಮಾಜು ಮುಗಿದ ತಕ್ಷಣ ಫೋನ್ ಮಾಡುತ್ತೇವೆ ಎಂದು ಹುಡುಗನ ತಂದೆ ಹೇಳಿ ಕಳಿಸಿದರು.

ಆ ಶುಕ್ರವಾರದ ಹಿಂದಿನ ದಿನ ಆಯುಧಪೂಜೆ. ನಮ್ಮ ಓಣಿಯಲ್ಲಿ ಆಯುಧಪೂಜೆ ಮಾಡುತ್ತಿದ್ದವನು ನಾಗರಾಜಣ್ಣ. ತನ್ನ ಲೇತ್ ತೊಳೆದು, ವಿಭೂತಿ ಬಳಿದು, ಹೂವು ಹಾಕಿ ಮುಗಿದ ಮೇಲೆ ನಮ್ಮ ಅಂಗಡಿಗೂ ನುಗ್ಗಿ ಅಬ್ಬಾನ ತಕ್ಕಡಿ, ತಳ್ಳುಗಾಡಿ ಎಲ್ಲವನ್ನೂ ಉಜ್ಜಿ ಪೂಜೆ ಮಾಡುವುದು ಅವನ ವಾಡಿಕೆ. ಅಬ್ಬಾ ಅಡ್ಡ ಬರುತ್ತಿರಲಿಲ್ಲ, ಬದಲಿಗೆ ಅವನ ಮಂಡಕ್ಕಿಯನ್ನು ಓಣಿಗೆಲ್ಲ ಹಂಚುತ್ತಿದ್ದರು. ಆ ವರ್ಷ ನಾಗರಾಜಣ್ಣ ಕಂಪ್ಯೂಟರಿಗೂ ಕೈ ಹಾಕಿದ. "ಅದೂ ಮಷೀನೇ ಅಲ್ವೇನೋ, ಎಲ್ಲಾರ್ಗೂ ಮಾಡಿ ಅದೊಂದನ್ನ ಬಿಟ್ರೆ ಅದ್ರ ಮನಸ್ಸು ನೊಂದ್ಕೊಳಲ್ವಾ?" ಎಂದು ಪ್ಲಗ್ಗು ಕಿತ್ತು, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೋಡೆಮ್ಮನ್ನು ಹಿಂದೆ ಮುಂದೆ ಚೆನ್ನಾಗಿ ತಿಕ್ಕಿ, ನೆತ್ತಿಗೆ ಕುಂಕುಮ ಇಟ್ಟ. ನಾನು ಮಂಡಕ್ಕಿ ತಿನ್ನುತ್ತಾ ನಿಂತಿದ್ದೆ. ಆಮೇಲೆ ಎಲ್ಲವನ್ನೂ ಮತ್ತೆ ಹಚ್ಚಿದವನು ನಾನೇ.

ಮಾರನೆಯ ದಿನ ನಮಾಜಿಗೆ ಹೊರಟಾಗ ಅಬ್ಬಾ ಬಾಗಿಲಲ್ಲಿ ನಿಂತು, "ಇವತ್ತೊಂದಿನ ಆ ಪೆಟ್ಟಿಗೆ ಫೋನಿಂದ ಕಿತ್ತಿಡೋ" ಎಂದರು. ಫೋನು ಇದ್ದದ್ದು ಕೆಳಗೆ ಅಂಗಡಿಯಲ್ಲಿ, ಅದರ ತಂತಿ ಮೋಡೆಮ್ ದಾಟಿಯೇ ಬರುತ್ತಿತ್ತು.

"ಅಬ್ಬಾ, ನಾನು ಹೇಳಿದಾಗ ಮಾತ್ರ ಅದು ಮಾತಾಡೋದು" ಎಂದೆ. ಈ ಮಾತನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು. ಜುಮ್ಮಾ ನಮಾಜು ಎಲ್ಲ ಮಸೀದಿಗಳಲ್ಲಿ ಒಂದೇ ಹೊತ್ತಿಗೆ ನಡೆಯುವುದಿಲ್ಲ. ಒಂದು ಕಡೆ ಒಂದೂಕಾಲಿಗಾದರೆ ಇನ್ನೊಂದು ಕಡೆ ಎರಡಕ್ಕೆ. ನಾವು ಹೋಗುತ್ತಿದ್ದದ್ದು ತಡವಾಗಿ ನಿಲ್ಲುವ ಜಮಾತಿಗೆ, ವ್ಯಾಪಾರಸ್ಥರಿಗೆ ಅದೇ ಅನುಕೂಲ. ಭದ್ರಾವತಿಯ ಹಿರಿಯರು ಹೋಗುತ್ತಿದ್ದದ್ದು ಬೇಗ ಮುಗಿಯುವ ಮಸೀದಿಗೆ. ಅವರ ಲೆಕ್ಕದ "ನಮಾಜು ಮುಗಿದ ತಕ್ಷಣ" ಎಂಬುದು ನಾವಿನ್ನೂ ನಮಾಜಿನ ಸಾಲಿನಲ್ಲಿ ನಿಂತಿದ್ದ ಹೊತ್ತು. ಎರಡೂ ಮನೆಯವರಿಗೆ ಇದು ಹೊಳೆಯಲೇ ಇಲ್ಲ.

ನಾವು ಮನೆಗೆ ಬಂದಾಗ ಅಂಗಡಿಯ ಷಟರ್ ಅರ್ಧ ಎಳೆದಿತ್ತು. ದಸರಾ ರಜೆಯಿದ್ದ ಆಪಾ ಮೇಲೆ ಅಡುಗೆಮನೆಯಲ್ಲಿ ದಾಲ್ಚಾ ಬಿಸಿ ಮಾಡುತ್ತಿದ್ದಳು. ಅಬ್ಬಾ ಊಟಕ್ಕೂ ಮೇಲೆ ಹೋಗದೆ, ತಟ್ಟೆ ಕೆಳಗೇ ತರಿಸಿಕೊಂಡು ಫೋನಿನ ಪಕ್ಕ ಕೂತರು. ಸಂಜೆಯ ಅಸರ್ ನಮಾಜಾಯಿತು, ಹೊತ್ತು ಮುಳುಗಿ ಮಗ್ರಿಬ್ ಆಯಿತು. ಫೋನು ಬರಲಿಲ್ಲ. ಶನಿವಾರವೂ ಬರಲಿಲ್ಲ.

ಭಾನುವಾರ ಗೌಸ್ ಚಾಚಾ ಬಂದರು. ಕೂರಲಿಲ್ಲ. "ನಾಲ್ಕು ಸಲ ಫೋನ್ ಮಾಡಿದ್ರಂತೆ ಭಾಯ್. ನಾಲ್ಕು ಸಲಾನೂ ನಿಮ್ಮ ಮನೇಲಿ ಯಾರೋ ಎತ್ತಿ ಸೀಟಿ ಹೊಡೆದ್ರಂತೆ. ಹಿರೀಕರು ಅಂತ ಒಂದು ಅದಬ್, ಒಂದು ಮರ್ಯಾದೆ ಬೇಡ್ವಾ?"

"ಸೀಟಿ? ನಮ್ಮನೇಲಿ ಸೀಟಿ ಹೊಡೆಯೋಕೆ ಬರೋದು ಕುಕ್ಕರ್ ಒಂದಕ್ಕೇ" ಎಂದರು ಅಬ್ಬಾ.

"ನಿನ್ನೆ ರಾತ್ರಿ ನಿಮ್ಮ ಅಂಗಡಿ ಮುಚ್ಚಿದ್ಮೇಲೆ ನಾನೂ ಮಾಡಿ ನೋಡ್ದೆ. ಸುಳ್ಳಲ್ಲ. ಸೀಟಿ ಆದ್ಮೇಲೆ ಖರ್ರ್ ಅಂತ ಉಗಿದಂಗೂ ಆಯ್ತು."

ಗೌಸ್ ಚಾಚಾ ಹೋದ ಮೇಲೆ ಮೋಡೆಮ್ಮನ್ನು ತಿರುಗಿಸಿ ನೋಡಿದೆ. ಐದನೆಯ ಸ್ವಿಚ್ಚು ಮೇಲಿತ್ತು. ಅದರ ಸಂದಿಯಲ್ಲಿ ಒಂದಿಷ್ಟು ವಿಭೂತಿ. ನಾಗರಾಜಣ್ಣನ ಬ್ರಶ್ಶು ಅದನ್ನು ಮೇಲೆತ್ತಿತ್ತು, ಆದರೆ ಆಪಾ ಎರಡು ಸಲ ಹೇಳಿದ ಆ ಒಂದು ಸಾಲನ್ನು ನಾನು ಬರೆದಿದ್ದರೆ ಹತ್ತು ಬ್ರಶ್ಶು ಆಡಿದ್ದರೂ ಏನೂ ಆಗುತ್ತಿರಲಿಲ್ಲ. ಉಗುರಿನಿಂದ ಸ್ವಿಚ್ಚನ್ನು ಕೆಳಕ್ಕೆ ಒತ್ತಿ, ಆರಿಸಿ ಹಚ್ಚಿ, ಏನೂ ಆಗದವನಂತೆ ಮೇಲೆ ಹೋಗಿ ಊಟ ಮಾಡಿದೆ.

ನಾನು ಅಂದೇ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಭದ್ರಾವತಿಗೆ ಹೋಗಿ, ಆ ಹಿರಿಯರ ಮುಂದೆ ಕಿರುಚಿಸಿ ತೋರಿಸಿದ್ದರೆ ಅವರು ನಕ್ಕು ತಾರೀಖು ಹೇಳುತ್ತಿದ್ದರು. ಆದರೆ ಅಬ್ಬಾ ಕಿತ್ತಿಡು ಎಂದಿದ್ದರು, ನಾನು ಜಂಭ ಕೊಚ್ಚಿದ್ದೆ. ನಾಳೆ ಹೇಳೋಣ ಎಂದುಕೊಂಡೆ. ನಾಳೆಗೂ ನಾಳೆ ಬಂತು. ಅಬ್ಬಾ ಮಂಗಗಳು ತಂತಿಯ ಮೇಲೆ ಕೂತು ಲೈನ್ ಕೆಡಿಸಿವೆ ಎಂದು ತೀರ್ಮಾನಿಸಿ ಹೇಳಿ ಕಳಿಸಿದರು. ಅಲ್ಲಿಂದ "ಮಂಗ ಫೋನ್ ಎತ್ತುತ್ತಾ?" ಎಂಬ ಉತ್ತರ ಬಂತು. ಅಬ್ಬಾನಿಗೂ ಸಿಟ್ಟು ಬಂತು. ಅಷ್ಟಕ್ಕೆ ಮುಗಿಯಿತು. ಟಯರ್ ಅಂಗಡಿಯವನ ಮದುವೆ ಬೇರೆ ಕಡೆ ಆಯಿತು. ಅಬ್ಬಾ ಕೊನೆಯವರೆಗೂ ಮಂಗಗಳನ್ನು ಕ್ಷಮಿಸಲಿಲ್ಲ. ಹೊಳಲೂರಿನ ದಾರಿಯಲ್ಲಿ ಒಮ್ಮೆ ತಂತಿಯ ಮೇಲೆ ಕೂತಿದ್ದ ಒಂದು ಬಡಪಾಯಿ ಮಂಗಕ್ಕೆ ಗಾಡಿ ನಿಲ್ಲಿಸಿ ಬೈದಿದ್ದರು. ಹಿಂದೆ ಕೂತಿದ್ದ ನಾನು ಆ ಬೈಗುಳವನ್ನೆಲ್ಲ ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ನನ್ನ ಮದುವೆಯಾಯಿತು, ಮಕ್ಕಳಾದವು. ಪ್ರತಿ ಶುಭಕಾರ್ಯದಲ್ಲೂ ಆಪಾ ಬಂದು ಓಡಾಡಿ ಎಲ್ಲ ಕೆಲಸ ಮಾಡುತ್ತಿದ್ದಳು. ಬಂದ ಹೆಂಗಸರು "ಪಾಪ, ಇವಳಿಗೊಂದು ಆಗಿದ್ದಿದ್ರೆ" ಎಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ನನ್ನ ಹೆಂಡತಿಗೆ ಇದು ನನ್ನ ಬೀಡಿ ಚಟ ಎಂಬ ಗುಮಾನಿ.

ಈಗ ಆಪಾ ಭದ್ರಾವತಿಯ ಹಳೇನಗರದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾಳೆ. ಹೋದ ತಿಂಗಳು ನಿವೃತ್ತಳಾದಳು, ಮುಖ್ಯೋಪಾಧ್ಯಾಯಿನಿಯಾಗಿ. ನಾನು ಮೋಡೆಮ್ಮನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ. ಬಸ್‌ಸ್ಟ್ಯಾಂಡಿನಿಂದ ಹತ್ತಿದ ಆಟೋದವನಿಗೆ ಓಣಿಯ ಹೆಸರು ಹೇಳುತ್ತಿದ್ದಂತೆ, "ಇಂಗ್ಲಿಷ್ ಮೇಡಂ ಮನೇಗಾ? ನಂಗೆ ಪಾಠ ಮಾಡಿದಾರೆ ಸಾರ್. ಸ್ಪೆಲಿಂಗ್ ತಪ್ಪ್ ಬರ್ದ್ರೆ ಐವತ್ತು ಸಲ ಬರೆಸೋರು" ಎಂದ. ಮನೆಯವರೆಗೂ ಆ ಐವತ್ತು ಸಲದ ಕಥೆಯನ್ನೇ ಹೇಳಿದ.

ಆಪಾ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಒಳಗೆ ಕೂರಿಸಿ ಚಾ ಕೊಟ್ಟಳು. ನಾನು ಚೀಲದಿಂದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟೆ.

"ಅಯ್ಯೋ, ಇದಿನ್ನೂ ಇದೆಯೇನೋ ಇಮ್ತಿಯಾಜ್?"

"ಆಪಾ, ಒಂದು ಮಾತು ಹೇಳ್ಬೇಕು. ಬೈಯಬಾರ್ದು."

"ಅದು ಕೇಳಿದ ಮೇಲೆ ತೀರ್ಮಾನ."

ಹೇಳಿದೆ. ಸೊನ್ನೆ, ಸ್ವಿಚ್ಚು, ಬ್ರಶ್ಶು, ಅಬ್ಬಾ ಬಾಗಿಲಲ್ಲಿ ಅಂದದ್ದು, ನಾನು ಭಾನುವಾರ ಸುಮ್ಮನೆ ಊಟ ಮಾಡಿದ್ದು, ಎಲ್ಲವನ್ನೂ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. "ನಿನ್ನ ಬಾಳು ಹಾಳು ಮಾಡಿದೋನು ನಾನೇ ಆಪಾ" ಎಂದೆ.

ಆಪಾ ಉತ್ತರಪತ್ರಿಕೆ ನೋಡುವಂತೆ ನನ್ನನ್ನೇ ನೋಡಿದಳು. "ಮುಗೀತಾ?"

"ಮುಗೀತು."

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ನೀವಿಬ್ರೂ ನಮಾಜಿಗೆ ಹೋದಾಗ ಅಂಗಡೀಲಿ ಯಾರಿದ್ರು ಅಂದ್ಕೊಂಡಿದೀಯ? ಷಟರ್ ಎಳೆಯೋಕೆ ಕೆಳಗೆ ಬಂದಿದ್ದೆ. ಎಎ ದೀಪ ಹತ್ತಿತ್ತು. ಅದೇನು ಅಂತ ನಿಂಗೆ ಓದಿ ಹೇಳ್ದೋಳೇ ನಾನು. ಫೋನು ಒಂದು ಸಲ ಟ್ರಿಣ್ ಅಂತು, ಅದೇ ಎತ್ಕೊಂಡು ಕಿರುಚ್ತು. ವೈರ್ ಕಿತ್ತಿದ್ರೆ ಆಗ್ತಿತ್ತು. ಕೀಳ್ಲಿಲ್ಲ. ಎರಡನೇ ಸಲಾನೂ ಕೀಳ್ಲಿಲ್ಲ. ಮೂರನೇ ಸಲ ಬರೋಷ್ಟ್ರಲ್ಲಿ ಸ್ಟೂಲ್ ಎಳ್ಕೊಂಡು ಅದ್ರ ಮುಂದೇನೇ ಕೂತಿದ್ದೆ."

"ನೀನು ಒಪ್ಪಿದ್ದೆಯಲ್ಲ?" ಎಂದೆ.

"ಅಬ್ಬಾ ಕೇಳಿದ್ರು, ಹೂಂ ಅಂದೆ. ಅಬ್ಬಾಗೆ ಉಹೂಂ ಅಂದೋರು ನಮ್ಮನೇಲಿ ಯಾರಿದ್ರು? ಎಂಟು ವರ್ಷ ಅರ್ಜಿ ಹಾಕಿ ಸಿಕ್ಕಿದ ಕೆಲ್ಸ ಕಣೋ ಅದು. ಬೆಳಿಗ್ಗೆ ಬಸ್ಸು ಹತ್ತಿದ್ರೆ ಸಂಜೆ ತನ್ಕ ನಾನು ನಾನಾಗಿರ್ತಿದ್ದೆ. ಆಮೇಲೆ ಭಾನುವಾರ ನೋಡಿದ್ರೆ ಎಎ ದೀಪ ಆರಿತ್ತು. ಇವನಿಗೆ ಗೊತ್ತಾಗಿದೆ ಅಂತ ತಿಳೀತು. ಒಂದು ತಿಂಗ್ಳು ನಂಗೆ ಎಷ್ಟು ಭಯ ಇತ್ತು ಗೊತ್ತಾ? ಇವತ್ತು ಹೇಳಿಬಿಡ್ತಾನೆ, ನಾಳೆ ಹೇಳಿಬಿಡ್ತಾನೆ, ಎಲ್ಲಾ ಮತ್ತೆ ಸರಿಹೋಗುತ್ತೆ ಅಂತ. ನೀನು ಹೇಳ್ಲಿಲ್ಲ. ದಿನಾ ದುವಾ ಮಾಡ್ತಿದ್ದೆ ನಿಂಗೆ."

ಇಪ್ಪತ್ತೈದು ವರ್ಷದ ಭಾರ ಇಳಿಯಿತು ಎಂದು ಬರೆದರೆ ನೀವು ನಂಬುತ್ತೀರೋ ಇಲ್ಲವೋ. ನನಗೆ ಆಗಿದ್ದು ಹಸಿವು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಆಪಾಳ ತಟ್ಟೆಯಲ್ಲಿದ್ದ ರಸ್ಕು ಅಷ್ಟನ್ನೂ ತಿಂದೆ. ಎದೆ ಹಗುರಾಗಿತ್ತು, ನಗುವೂ ಬರುತ್ತಿತ್ತು, ಕಣ್ಣಲ್ಲಿ ನೀರೂ ಇತ್ತು. ಅಬ್ಬಾ, ಮಂಗಗಳು, ನಾಗರಾಜಣ್ಣ, ನಾನು, ಒಬ್ಬರೂ ತಪ್ಪಿತಸ್ಥರಲ್ಲ ಎಂದಮೇಲೆ ನಗದೆ ಏನು ಮಾಡುವುದು.

"ಹಂಗಾದ್ರೆ ನಾಲ್ಕು ಸಲಾನೂ ಸುಮ್ನೆ ಕೂತು ನೋಡ್ದೆಯಾ? ಭಾರಿ ಗಟ್ಟಿಗಿತ್ತಿ ನೀನು" ಎಂದೆ.

ಆಪಾ ತಲೆ ಅಲ್ಲಾಡಿಸಿದಳು. ಮೋಡೆಮ್ಮನ್ನು ತನ್ನ ಕಡೆ ಎಳೆದುಕೊಂಡು, ಅದರ ನೆತ್ತಿಯ ಧೂಳನ್ನು ಸೆರಗಿನಿಂದ ಒರೆಸಿದಳು.

"ಮೂರು ಸಲ ಕೂತಿದ್ದೆ. ನಾಲ್ಕನೇ ಸಲ ಅಬ್ಬಾ ಮುಖ ನೆನಪಾಯ್ತು. ತಡ್ಕೊಳ್ಳೋಕಾಗ್ಲಿಲ್ಲ, ಎದ್ದು ಫೋನಿಗೆ ಕೈ ಹಾಕ್ದೆ. ನಾನು ಎತ್ತಿ ಹಲೋ ಅಂದಿದ್ರೆ ಮುಗೀತಿತ್ತು ಕಣೋ, ಅವರು ಯಾವ ತಾರೀಖು ಹೇಳಿದ್ರೂ ಆಗ್ಲಿ ಅಂದಿರ್ತಿದ್ದೆ. ಅಷ್ಟ್ರಲ್ಲಿ ಇದೇ ಎತ್ಬಿಡ್ತು. ಇದು ಎತ್ತಿದ್ಮೇಲೆ ಫೋನಿಗೆ ಲೈನ್ ಸಿಗಲ್ವಲ್ಲ, ರಿಸೀವರ್ ಕಿವಿಗಿಟ್ಕೊಂಡ್ರೆ ಏನೂ ಕೇಳಿಸ್ತಿರ್ಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು, ನಿರಾಳವಾಗಿ, ನೀವು ಬರೋ ಹೊತ್ತಾಗೋ ತನ್ಕ ಅತ್ತೆ."